ಪಾಠ ಕೇಳಿದ ಮೇಲೆ ಆಸೆ ಕಡಿಮೆಯಾದರೆ?



ಕೆಲವು ವಾರಗಳ ಹಿಂದೆ ನಮ್ಮ ಭಾನುವಾರದ ಫೋನ್-ಇನ್ ಕಾರ್ಯಕ್ರಮಕ್ಕೆ ಡೊಂಬಿವಿಲಿಯಿಂದ ಒಬ್ಬ ಹಿರಿಯರು ಕರೆ ಮಾಡಿದ್ದರು. ಅವತ್ತಿನ ವಿಷಯ 'ಓದು ಮುಗಿದ ಮೇಲೆ ಮುಂದೇನು?'. ಅವರು ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಪ್ಲೇಟು ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮೂವತ್ತೈದರ ಹೊತ್ತಿಗೆ ಹತ್ತು ಟೇಬಲ್ಲಿನ ಸ್ವಂತ ಹೋಟೆಲು ಮಾಡಿಕೊಂಡವರು. ಇಂಥ ಕಥೆ ನಿಮಗೆ ಹೊಸತಲ್ಲ, ನಿಮ್ಮಲ್ಲಿ ಎಷ್ಟೋ ಜನರ ಮನೆಯ ಕಥೆಯೇ ಅದು. ಆದರೆ ಅವರ ದೂರು ಮಾತ್ರ ನನಗೆ ಹೊಸತಾಗಿತ್ತು.

"ತಂಗೀ, ಮಗನಿಗೆ ವ್ಯಾಪಾರದಲ್ಲಿ ಆಸೆ ಉಂಟು ಅಂತಲೇ ಆ ಕಾಲೇಜಿಗೆ ಹಾಕಿದ್ದು. ಅಲ್ಲಿ ಉದ್ಯಮಶೀಲತೆ ಅಂತ ಒಂದು ಪಾಠ ಇಟ್ಟಿದ್ದಾರೆ. ಪಾಠ ಮುಗಿಸಿ ಬಂದವ ಈಗ ನನಗೆ ವ್ಯಾಪಾರ ಬೇಡ, ಕೆಲಸಕ್ಕೆ ಹೋಗ್ತೇನೆ ಅಂತ ಹೇಳ್ತಾನೆ. ಎಂತ ಮಾರಾಯ್ರೇ, ಫೀಸು ಕೊಟ್ಟು ಇದ್ದ ಆಸೆಯನ್ನೂ ಕಳಕೊಂಡ ಹಾಗೆ ಆಯ್ತಲ್ಲ!"

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ನನಗೆ ಉತ್ತರವೂ ಹೊಳೆಯಲಿಲ್ಲ. "ಅಣ್ಣ, ವಿಚಾರಿಸಿ ಹೇಳ್ತೀನಿ" ಅಂದು ಒಂದು ಭಾವಗೀತೆ ಹಾಕಿಬಿಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ! ಕನ್ನಡ ಬಿ.ಎ. ಓದಿದ ನನಗೆ ಲಾಭ-ನಷ್ಟದ ಲೆಕ್ಕ ಅಷ್ಟಕ್ಕಷ್ಟೆ. ಆದರೂ ಈ ಒಂದು ಪ್ರಶ್ನೆಯನ್ನು ಹಿಡಿದು ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಸೆ ಬೇರೆ, ಸಂಕಲ್ಪ ಬೇರೆ

ಮೊದಲಿಗೆ ಒಂದು ಮಾತು. ಕಾಲೇಜಿನಲ್ಲಿ ಉದ್ಯಮಶೀಲತೆ ಕಲಿಸುವುದು ಹೊಸ ವಿಚಾರವೇನಲ್ಲ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೈಲ್ಸ್ ಮೇಸ್ ಎಂಬ ಪ್ರಾಧ್ಯಾಪಕರು ಹೊಸ ಉದ್ದಿಮೆಗಳ ನಿರ್ವಹಣೆಯ ಬಗ್ಗೆ ಪಾಠ ಶುರು ಮಾಡಿದ್ದು 1947ರಲ್ಲಿ, ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ. ಇವತ್ತು ಅಂಥ ಪಾಠ ಇಲ್ಲದ ಮ್ಯಾನೇಜ್‌ಮೆಂಟ್ ಕಾಲೇಜನ್ನು ಹುಡುಕಬೇಕಷ್ಟೆ.

ಪಾಠ ಉಪಯೋಗವಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ವಿದ್ಯಾರ್ಥಿ ಅಂಗಡಿ ತೆರೆಯುವವರೆಗೆ ಕಾಯಬೇಕೆಂದರೆ ಹತ್ತು ವರ್ಷವೂ ಆದೀತು. ಹಾಗಾಗಿ ಸಂಶೋಧಕರು ಪಾಠಕ್ಕೆ ಮೊದಲು ಒಮ್ಮೆ, ಪಾಠ ಮುಗಿದ ಮೇಲೆ ಇನ್ನೊಮ್ಮೆ, 'ಸ್ವಂತ ಉದ್ದಿಮೆ ಮಾಡುವ ಉದ್ದೇಶ ಎಷ್ಟಿದೆ?' ಎಂದು ಕೇಳಿ ಅಳೆಯುತ್ತಾರೆ.

ಈ 'ಉದ್ದೇಶ'ವನ್ನು ನಾನು ಸಂಕಲ್ಪ ಎಂದು ಕರೆಯುತ್ತೇನೆ. 'ಒಂದಲ್ಲ ಒಂದು ದಿನ ಸ್ವಂತದ್ದೇನಾದರೂ ಮಾಡಬೇಕು' ಅನ್ನುವುದು ಆಸೆ. ಅದು ಲೋಕಲ್ ರೈಲಿನಲ್ಲಿ ನೇತಾಡುವ ಪ್ರತಿಯೊಬ್ಬರಿಗೂ ಇರುತ್ತದೆ! 'ಓದು ಮುಗಿದ ಮೇಲೆ ಇಂಥದ್ದನ್ನು, ಇಷ್ಟರೊಳಗೆ ಮಾಡುತ್ತೇನೆ, ಅದಕ್ಕೆ ಈಗಿನಿಂದಲೇ ತಯಾರಾಗುತ್ತೇನೆ' ಅನ್ನುವುದು ಸಂಕಲ್ಪ.

ಸಂಕಲ್ಪ ಹುಟ್ಟುವ ಬಗೆಯನ್ನು ಐಸೆಕ್ ಐಜೆನ್ ಎಂಬ ಮನಶ್ಶಾಸ್ತ್ರಜ್ಞರು 1991ರ ಒಂದು ಪ್ರಸಿದ್ಧ ಲೇಖನದಲ್ಲಿ ವಿವರಿಸಿದ್ದಾರೆ. ಅವರ ಪ್ರಕಾರ ಯಾವುದೇ ಸಂಕಲ್ಪಕ್ಕೆ ಮೂರು ಕಾಲುಗಳು.

ಒಂದು, ಒಲವು. ಈ ಕೆಲಸ ಒಳ್ಳೆಯದು, ನನಗೆ ಹಿಡಿಸುತ್ತದೆ ಎಂಬ ಭಾವನೆ.

ಎರಡು, ಸುತ್ತಲಿನವರ ಮಾತು. ಅಪ್ಪ-ಅಮ್ಮ, ಗೆಳೆಯರು, ನೆಂಟರು ಇದನ್ನು ಒಪ್ಪುತ್ತಾರೆಯೇ ಎಂಬ ಲೆಕ್ಕಾಚಾರ. ನಮ್ಮ ಭಾಷೆಯಲ್ಲಿ, 'ನಾಲ್ಕು ಜನ ಏನಂತಾರೆ?'

ಮೂರು, ನನ್ನ ಕೈಲಾಗುತ್ತದೆ ಎಂಬ ನಂಬಿಕೆ. ಒಲವೂ ಇದ್ದು, ಮನೆಯವರ ಒಪ್ಪಿಗೆಯೂ ಇದ್ದು, 'ಅಯ್ಯೋ ಇದು ನನ್ನಿಂದಾಗದು' ಅನ್ನಿಸಿದರೆ ಸಂಕಲ್ಪ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೂ ಮೊದಲೇ, 1982ರಲ್ಲಿ, ಆಲ್ಬರ್ಟ್ ಶಪೀರೊ ಮತ್ತು ಲೀಸಾ ಸೊಕೊಲ್ ಇನ್ನೊಂದು ಮಾತು ಹೇಳಿದ್ದರು. ಮನುಷ್ಯ ಸುಮ್ಮನೆ ಕೂತಲ್ಲಿಂದ ಎದ್ದು ಉದ್ದಿಮೆಗೆ ಇಳಿಯುವುದು ಕಡಿಮೆ. ಇದ್ದ ಜಾಗದಿಂದ ಅವನನ್ನು ಏನೋ ಒಂದು ಕದಲಿಸಬೇಕು. ಕೆಲಸ ಹೋಗಬೇಕು, ಊರು ಬಿಡಬೇಕು, ಅಥವಾ ಒಳ್ಳೆಯ ಅವಕಾಶವೊಂದು ಕೈಹಿಡಿದು ಎಳೆಯಬೇಕು. ಹಾಗೆ ಕದಲಿದ ಹೊತ್ತಿನಲ್ಲಿ ಈ ದಾರಿ ಬೇಕು ಎಂದೂ, ಸಾಧ್ಯ ಎಂದೂ ಕಂಡರೆ ಅವನು ಹೆಜ್ಜೆ ಇಡುತ್ತಾನೆ.

ಇದನ್ನು ಓದುವಾಗ ನನಗೆ ಡೊಂಬಿವಿಲಿಯ ಅಣ್ಣನೇ ಕಣ್ಣ ಮುಂದೆ ಬಂದರು. ಹನ್ನೆರಡನೇ ವಯಸ್ಸಿಗೆ ಊರು ಅವರನ್ನು ಕದಲಿಸಿತು. ಪ್ಲೇಟು ತೊಳೆಯುವುದರಿಂದ ಟೇಬಲ್ಲಿಗೆ, ಟೇಬಲ್ಲಿನಿಂದ ಗಲ್ಲಾಕ್ಕೆ ಬಂದರು. ಜತೆಗಿದ್ದವನೊಬ್ಬ ಸ್ವಂತ ಹೋಟೆಲು ಹಾಕಿದ್ದನ್ನು ಕಂಡು, 'ಅವನಿಗೆ ಆದದ್ದು ನನಗೆ ಯಾಕಾಗದು?' ಅಂದುಕೊಂಡರು. ಅವರ ಕಾಲೇಜು ಆ ಹೋಟೆಲೇ. ಕೋರ್ಸು ಇಪ್ಪತ್ತಮೂರು ವರ್ಷದ್ದು. ಮಗನ ಕೋರ್ಸು ಒಂದೇ ಸೆಮಿಸ್ಟರಿನದು. ಅಷ್ಟರಲ್ಲಿ ಏನಾಗುತ್ತದೆ?

ಲಂಡನ್ನಿನಲ್ಲಿ ಏರಿತು, ಹಾಲೆಂಡಿನಲ್ಲಿ ಇಳಿಯಿತು

ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ ನೋಡಿ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲಂಡನ್ ಮತ್ತು ಫ್ರಾನ್ಸಿನ ಗ್ರೆನೋಬಲ್‌ನ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕುರಿತದ್ದು. ಸೂಟಾರಿಸ್ ಮತ್ತು ಅವರ ಸಂಗಡಿಗರು ನಡೆಸಿದ್ದು. ಪಾಠದ ನಂತರ ವಿದ್ಯಾರ್ಥಿಗಳ ಸಂಕಲ್ಪ ಏರಿತ್ತು. ಅದನ್ನು ಏರಿಸಿದ್ದು ಲೆಕ್ಕಪತ್ರದ ಜ್ಞಾನವಲ್ಲ, ಕಾಲೇಜಿನ ಸೌಲಭ್ಯಗಳೂ ಅಲ್ಲ, ಸ್ಫೂರ್ತಿ! ಯಾರದೋ ಒಂದು ಮಾತು, ಯಾವುದೋ ಒಂದು ಗಳಿಗೆ ಮನಸ್ಸಿಗೆ ನಾಟಿ, 'ನಾನೂ ಮಾಡಬಹುದು' ಅನ್ನಿಸಿದ್ದು.

ಮೂರು ವರ್ಷ ಬಿಟ್ಟು 2010ರಲ್ಲಿ ನೆದರ್ಲೆಂಡ್ಸಿನಿಂದ ಬಂದ ಸುದ್ದಿ ಇದಕ್ಕೆ ತೀರಾ ಉಲ್ಟಾ. ಅಲ್ಲಿ ಒಂದೇ ಕಾಲೇಜಿಗೆ ಎರಡು ಊರಿನಲ್ಲಿ ಶಾಖೆಗಳಿದ್ದವು. ಒಂದು ಶಾಖೆಯ ವಿದ್ಯಾರ್ಥಿಗಳು ತಂಡ ಕಟ್ಟಿ, ಶೇರು ಮಾರಿ ಬಂಡವಾಳ ಕೂಡಿಸಿ, ಪುಟ್ಟ ಕಂಪೆನಿಯನ್ನು ನಿಜವಾಗಿಯೇ ನಡೆಸಬೇಕಿತ್ತು. ಇನ್ನೊಂದು ಶಾಖೆಯಲ್ಲಿ ಆ ಪಾಠ ಇರಲಿಲ್ಲ. ಊಸ್ಟರ್‌ಬೀಕ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿದರು. ಕಂಪೆನಿ ನಡೆಸಿದವರ ಕೌಶಲ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ, ಉದ್ದಿಮೆ ಮಾಡುವ ಸಂಕಲ್ಪವಂತೂ ಕಡಿಮೆಯಾಗಿತ್ತು! ನಮ್ಮ ಡೊಂಬಿವಿಲಿ ಅಣ್ಣನ ದೂರು ಹಾಲೆಂಡಿನಲ್ಲೂ ದಾಖಲಾಗಿದೆ ಎಂದಾಯಿತು.

ಹಾಗಾದರೆ ಯಾವುದು ನಿಜ? 2014ರಲ್ಲಿ ಬೇ ಮತ್ತು ಸಂಗಡಿಗರು ಇಂಥ 73 ಅಧ್ಯಯನಗಳನ್ನು, ಒಟ್ಟು 37 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು, ಒಂದೆಡೆ ಕೂಡಿಸಿ ನೋಡಿದರು. ಪಾಠಕ್ಕೂ ಸಂಕಲ್ಪಕ್ಕೂ ನಂಟು ಇದೆ, ಆದರೆ ಸಣ್ಣದು. ಪಾಠಕ್ಕೆ ಮೊದಲೇ ಇದ್ದ ಸಂಕಲ್ಪವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಣ್ಣ ನಂಟೂ ಗಟ್ಟಿಯಾಗಿ ಉಳಿಯುವುದಿಲ್ಲ.

ಇದು ಸ್ವಲ್ಪ ಗೋಜಲು, ಬಿಡಿಸಿ ಹೇಳುತ್ತೇನೆ. ನಮ್ಮ ಸಂಘದಲ್ಲಿ ಯಕ್ಷಗಾನದ ತರಗತಿ ಇದೆ ಎನ್ನಿ. ತರಗತಿಗೆ ಬಂದ ಮಕ್ಕಳನ್ನೂ ಬಾರದ ಮಕ್ಕಳನ್ನೂ ಹೋಲಿಸಿದರೆ, ಬಂದವರಿಗೆ ಯಕ್ಷಗಾನದ ಮೇಲೆ ಪ್ರೀತಿ ಜಾಸ್ತಿ ಇರುತ್ತದೆ. ಅಷ್ಟಕ್ಕೇ 'ನೋಡಿ, ನಮ್ಮ ತರಗತಿಯಿಂದ ಪ್ರೀತಿ ಹುಟ್ಟಿತು' ಅನ್ನಲಾದೀತೇ? ಪ್ರೀತಿ ಇದ್ದವರೇ ತರಗತಿಗೆ ಬಂದಿರಬಹುದಲ್ಲ! ಉದ್ಯಮಶೀಲತೆಯ ಪಾಠವನ್ನು ತಾವಾಗಿ ಆರಿಸಿಕೊಂಡವರ ವಿಷಯವೂ ಹೀಗೆಯೇ. ಆದ್ದರಿಂದ 'ನಮ್ಮ ಕೋರ್ಸು ಮುಗಿಸಿದವರಲ್ಲಿ ಇಷ್ಟು ಜನ ಉದ್ಯಮಿಗಳಾಗಿದ್ದಾರೆ' ಎಂಬ ಕಾಲೇಜುಗಳ ಜಾಹೀರಾತು ಕಂಡಾಗ ನೀವು ಒಂದು ಕ್ಷಣ ನಿಂತು ಯೋಚಿಸಬೇಕು.

ಒಂದೇ ಲೆಕ್ಕ, ಎರಡು ತೀರ್ಮಾನ

ಈಗ ಮೂಲ ಪ್ರಶ್ನೆಗೆ ಬರೋಣ. ಪಾಠ ಕೇಳಿ ಆಸೆ ಕಡಿಮೆಯಾದರೆ ಪಾಠ ಸೋತಂತೆಯೇ?

ನಾನು ಆ ಅಣ್ಣನಿಗೆ ಮತ್ತೆ ಫೋನು ಮಾಡಿ, ಮಗ ಕಾಲೇಜಿನಲ್ಲಿ ಏನೇನು ಮಾಡಿದ ಎಂದು ಕೇಳಿದೆ. ಮೊದಲು ಅವನ ಆಸೆ ಇದ್ದದ್ದು ನಾಲ್ವರು ಗೆಳೆಯರು ಸೇರಿ ನೀರ್‌ದೋಸೆಯ ಅಡುಗೆಮನೆ ತೆರೆಯಬೇಕು, ಆ್ಯಪ್ ಮೂಲಕ ಮನೆಮನೆಗೆ ಕಳಿಸಬೇಕು ಎಂದು. ಪಾಠದ ಭಾಗವಾಗಿ ಕಾಲೇಜಿನ ಉತ್ಸವದಲ್ಲಿ ಎರಡು ದಿನ ದೋಸೆ ಸ್ಟಾಲ್ ಹಾಕಿದರು. 9,000 ರೂಪಾಯಿ ವ್ಯಾಪಾರವಾಯಿತು. ಕುಣಿದಾಡಿದರಂತೆ! ಆಮೇಲೆ ಮೇಷ್ಟರು ಲೆಕ್ಕ ಬರೆಸಿದರು. ಅಕ್ಕಿ, ತೆಂಗಿನಕಾಯಿ, ಗ್ಯಾಸು, ಪ್ಲೇಟು ಎಲ್ಲ ಸೇರಿ 4,200. ಸ್ಟಾಲಿನ ಬಾಡಿಗೆ 2,000. ಉಳಿದದ್ದು 2,800. ನಾಲ್ಕು ಜನ, ಎರಡು ದಿನ ಅಂದರೆ ಎಂಟು ಆಳಿನ ಕೆಲಸ. ತಲೆಗೆ ದಿನಕ್ಕೆ 350 ರೂಪಾಯಿ! "ಇದರಲ್ಲಿ ಆ್ಯಪಿನವರ ಕಮಿಷನ್ನು, ಅಂಗಡಿಯ ಡಿಪಾಸಿಟ್ಟು ಸೇರಿಸಿ ನೋಡಿ" ಅಂದರಂತೆ ಮೇಷ್ಟರು.

ಆ ರಾತ್ರಿ ಮಗ ಮನೆಗೆ ಬಂದು, "ಅಪ್ಪಾ, ನೀವು ಇಷ್ಟು ವರ್ಷ ಹೇಗೆ ನಡೆಸಿದ್ರಿ?" ಎಂದು ಕೇಳಿದ. ಮಾರನೇ ವಾರ ಕ್ಯಾಂಪಸ್ ಇಂಟರ್‌ವ್ಯೂಗೆ ಹೆಸರು ಕೊಟ್ಟ.

"ಆ ನಾಲ್ವರಲ್ಲಿ ಒಬ್ಬಳು ಹುಡುಗಿ ಉಂಟು ತಂಗೀ" ಎಂದರು ಅವರು. "ಅದೇ ಲೆಕ್ಕ ನೋಡಿ ಅವಳು, ಬಾಡಿಗೆ ಇಲ್ಲದೆ ಮನೆಯಿಂದಲೇ ಹಿಟ್ಟು ಮಾರಿದರೆ ಹೇಗೆ ಅಂತ ಕೇಳಿದಳಂತೆ. ಈಗ ಅವರ ಸೊಸೈಟಿಯಲ್ಲಿ ಮಾರ್ತಾ ಇದ್ದಾಳೆ."

ಕೇಳುಗರೇ, ಇದೇ ಉತ್ತರ! ಅದೇ 2010ರಲ್ಲಿ ಜರ್ಮನಿಯ ಮ್ಯೂನಿಕ್ಕಿನಿಂದ ಇನ್ನೊಂದು ಅಧ್ಯಯನ ಬಂತು. ಗ್ರೇವೆನಿಟ್ಸ್, ಹಾರ್ಹಾಫ್ ಮತ್ತು ವೆಬರ್ ಅವರದು. ಅಲ್ಲಿ ಪಾಠ ಕಡ್ಡಾಯ, ಹಾಗಾಗಿ ಆಸೆ ಇದ್ದವರೂ ಇಲ್ಲದವರೂ ಒಟ್ಟಿಗೇ ಕೂತಿದ್ದರು. ಪಾಠದ ನಂತರ ಒಟ್ಟಾರೆ ಸಂಕಲ್ಪ ಸ್ವಲ್ಪ ಇಳಿದಿತ್ತು. ಆದರೆ ತಮಗೆ ಕೌಶಲ ಹೆಚ್ಚಿತು ಎಂದೇ ವಿದ್ಯಾರ್ಥಿಗಳು ಹೇಳಿದ್ದರು. ಈ ಸಂಶೋಧಕರು ಕೊಡುವ ವಿವರಣೆ ನನಗೆ ಬಹಳ ಹಿಡಿಸಿತು. ಪಾಠದ ಕೆಲಸ ಎಲ್ಲರನ್ನೂ ಉದ್ಯಮಿ ಮಾಡುವುದಲ್ಲ, ತಾನು ಎಂಥವನು ಎಂಬುದನ್ನು ಪ್ರತಿಯೊಬ್ಬನಿಗೂ ತೋರಿಸಿಕೊಡುವುದು. ಮಂಕಾಗಿದ್ದ ಕನ್ನಡಿಯನ್ನು ಒರೆಸಿದ ಹಾಗೆ. 'ಇದು ನನಗೆ ಹೊಂದುತ್ತದೆ' ಎಂದು ಕೆಲವರಿಗೆ ಖಾತ್ರಿಯಾಗುತ್ತದೆ, 'ಹೊಂದುವುದಿಲ್ಲ' ಎಂದು ಇನ್ನು ಕೆಲವರಿಗೆ. ಅಳಿಯುವುದು ಅನುಮಾನ.

ಮನೆ ಅಡವಿಟ್ಟು, ನೆಂಟರ ಹತ್ತಿರ ಸಾಲ ಮಾಡಿ, ಎರಡು ವರ್ಷ ಕಳೆದು ಕಲಿಯಬೇಕಾದ ಪಾಠವನ್ನು ಒಬ್ಬ ಹುಡುಗ 2,800 ರೂಪಾಯಿಯ ಲೆಕ್ಕದಲ್ಲಿ ಕಲಿತ. ಹಾಗಾದರೆ ಫೀಸು ದಂಡವಾಗಲಿಲ್ಲ, ಅಲ್ಲವೇ?

ಆದರೂ ಒಂದು ಎಚ್ಚರ ಬೇಕು. ಹೊಂದುವಂಥವನೂ ಹೆದರಿ ಹಿಂದೆ ಸರಿಯಬಹುದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ 'ನನ್ನ ಕೈಲಾಗುತ್ತದೆ' ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಹಿತವರು ತುಂಬಿದ ಧೈರ್ಯ, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಬಲ ಜಾಸ್ತಿ. ಹಾಗಿರುವಾಗ ಮೊದಲ ಪ್ರಯತ್ನದಲ್ಲೇ ಪೆಟ್ಟು ತಿಂದವನನ್ನು ಅಲ್ಲಿಗೇ ಬಿಟ್ಟುಬಿಟ್ಟರೆ, ಅವನು ಕಲಿಯುವುದು ಲೆಕ್ಕವನ್ನಲ್ಲ, ಭಯವನ್ನು. ಒಳ್ಳೆಯ ಪಾಠದಲ್ಲಿ ಎರಡನೇ ಪ್ರಯತ್ನಕ್ಕೆ ಜಾಗ ಇರಬೇಕು. ನೀರಿಗೆ ಇಳಿಯದೆ ಈಜು ಬಾರದು, ನಿಜ. ಆದರೆ ದಡದಲ್ಲಿ ಒಬ್ಬ ನಿಂತಿರಬೇಕು.

ನಮ್ಮ ನೆಲದ ಪಾಠಗಳು

ಇದೆಲ್ಲ ಹೊರದೇಶದ ಮಾತಾಯಿತು ಅನ್ನಬೇಡಿ. ಹೈದರಾಬಾದಿನ ಕೇಳುಗರಿಗೆ ಒಂದು ವಿಶೇಷ ಸಂಗತಿ ಹೇಳುತ್ತೇನೆ. ಉದ್ಯಮಶೀಲತೆಯನ್ನು ಕಲಿಸಬಹುದೇ ಎಂದು ನೋಡಿದ ಜಗತ್ತಿನ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದು ನಡೆದದ್ದು ನಿಮ್ಮ ಊರಿನಲ್ಲಿ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ತರಬೇತಿ ಏರ್ಪಡಿಸಿದರು. ಕಲಿಸಿದ್ದು ಜಮಾ-ಖರ್ಚನ್ನಲ್ಲ, ಗುರಿ ಇಟ್ಟುಕೊಳ್ಳುವುದನ್ನು, ಅಳೆದು ಸಾಹಸ ಮಾಡುವುದನ್ನು, ಸಾಧಿಸುವ ಹಂಬಲವನ್ನು. ಮುಂದಿನ ವರ್ಷಗಳಲ್ಲಿ ನೋಡಿದರೆ ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿದ್ದರು, ಹೊಸ ಬಂಡವಾಳ ಹಾಕಿದ್ದರು, ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದರು.

ಐವತ್ತು ವರ್ಷ ದಾಟಿದ ಮೇಲೆ, 2017ರಲ್ಲಿ, ಆಫ್ರಿಕದ ಟೋಗೋ ದೇಶದಲ್ಲಿ 1,500 ಸಣ್ಣ ಉದ್ದಿಮೆದಾರರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಅದೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ತಾನಾಗಿ ಮುಂದಾಗುವ ಮನೋಭಾವವನ್ನು ಕಲಿತವರ ಲಾಭ ನೂರಕ್ಕೆ 30ರಷ್ಟು ಏರಿತ್ತು. ಬರೀ ಲೆಕ್ಕಪತ್ರ, ಮಾರಾಟದ ಮಾಮೂಲಿ ತರಬೇತಿ ಪಡೆದವರಲ್ಲಿ ಖಚಿತವಾಗಿ ಹೇಳುವಂಥ ಏರಿಕೆ ಕಾಣಲಿಲ್ಲ. ಇವರೆಲ್ಲ ಆಗಲೇ ವ್ಯಾಪಾರದಲ್ಲಿದ್ದವರು, ವಿದ್ಯಾರ್ಥಿಗಳಲ್ಲ ಎಂಬುದು ನೆನಪಿರಲಿ. ಆದರೂ ಪಾಠದಲ್ಲಿ ಏನಿರಬೇಕು ಎಂಬುದಕ್ಕೆ ಸುಳಿವು ಸಿಗುತ್ತದೆ.

ನಮ್ಮ ಕರ್ನಾಟಕದ ಮಾದರಿಯೂ ಒಂದಿದೆ. 1982ರಲ್ಲಿ ಧರ್ಮಸ್ಥಳದ ಸಮೀಪದ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜತೆಗೂಡಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಹಳ್ಳಿಯ ಯುವಕ ಯುವತಿಯರಿಗೆ ಉಚಿತ ಊಟ, ವಸತಿ, ತರಬೇತಿ. ಅದರ ಗುಟ್ಟು ಇರುವುದು ತರಬೇತಿ ಮುಗಿದ ಮೇಲೆ! ಕಲಿತು ಹೋದವರನ್ನು ಸಂಸ್ಥೆಯವರು ಬಿಟ್ಟುಬಿಡುವುದಿಲ್ಲ. ವಿಚಾರಿಸುತ್ತಾರೆ, ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿಕೊಡುತ್ತಾರೆ, ಎಡವಿದರೆ ಕೈಹಿಡಿಯುತ್ತಾರೆ. ಇದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ತೆರೆಸಿತು. ದಡದಲ್ಲಿ ನಿಂತವನು ಬೇಕು ಎಂದೆನಲ್ಲ, ಅದು ಇದೇ.

ದೆಹಲಿಯಲ್ಲಿ 2019ರಲ್ಲಿ ಸರಕಾರಿ ಶಾಲೆಗಳ 9ರಿಂದ 12ನೇ ತರಗತಿಯವರಿಗೆ ಉದ್ಯಮಶೀಲ ಮನೋಭಾವದ ಪಾಠ ತಂದರು. 2021ರಲ್ಲಿ 11 ಮತ್ತು 12ನೇ ತರಗತಿಯ ಮಕ್ಕಳಿಗೆ ತಲಾ 2,000 ರೂಪಾಯಿ ಕೊಟ್ಟು, ತಂಡ ಕಟ್ಟಿ ವ್ಯಾಪಾರ ಮಾಡಿ ನೋಡಿ ಎಂದರು. ಸಣ್ಣ ಮೊತ್ತದಲ್ಲಿ ಸೋತು ಕಲಿಯಲು ಅದೊಂದು ಅವಕಾಶ. ಮುಂಬಯಿಯ ಐಐಟಿಯಲ್ಲಿ 2004ರಿಂದ ಹೊಸ ಉದ್ದಿಮೆಗಳನ್ನು ಸಾಕಿ ಬೆಳೆಸುವ ಕೇಂದ್ರವೇ ಇದೆ. 2019ರ ರಾಷ್ಟ್ರೀಯ ನೀತಿಯೊಂದರ ಪ್ರಕಾರ, ಉದ್ದಿಮೆ ಶುರು ಮಾಡುವ ವಿದ್ಯಾರ್ಥಿಗೆ ಕಾಲೇಜುಗಳು ಓದಿನಿಂದ ಒಂದು ಸೆಮಿಸ್ಟರು ಅಥವಾ ವರ್ಷ ಬಿಡುವು ಕೊಡಬಹುದು. ಕೆಲವು ಐಐಟಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 'ನೀನು ಉದ್ದಿಮೆ ಮಾಡಿ ನೋಡು, ಆಗದಿದ್ದರೆ ಮುಂದೆ ಬಂದು ಕ್ಯಾಂಪಸ್ ಇಂಟರ್‌ವ್ಯೂಗೆ ಕೂತುಕೋ' ಎನ್ನುವ ಏರ್ಪಾಡು ಮಾಡಿವೆ. ಎಷ್ಟು ದೊಡ್ಡ ಧೈರ್ಯ ನೋಡಿ! ವಾಪಸು ಬರುವ ಬಾಗಿಲು ತೆರೆದಿದೆ ಎಂದು ಗೊತ್ತಾದರೆ ಮನೆಯವರ ಮಾತೂ ಮೆತ್ತಗಾಗುತ್ತದೆ. ಸಂಕಲ್ಪದ ಎರಡನೇ ಕಾಲು ಗಟ್ಟಿಯಾಗುವುದು ಹೀಗೆ.

ನೀವು ಕೇಳಬೇಕಾದ ಪ್ರಶ್ನೆಗಳು

ಮಕ್ಕಳನ್ನು ಇಂಥ ಕೋರ್ಸಿಗೆ ಸೇರಿಸುವ ಮುನ್ನ, ಅಥವಾ ನೀವೇ ಸೇರುವ ಮುನ್ನ, ಕಾಲೇಜಿನವರನ್ನು ನಾಲ್ಕು ಮಾತು ಕೇಳಿ.

ಬರೀ ಪುಸ್ತಕವೋ, ಅಥವಾ ಕೈಯಾರೆ ಏನಾದರೂ ಮಾರಿ ನೋಡುವುದು ಉಂಟೋ?

ಸೋತವರ ಕಥೆಯನ್ನೂ ಕೇಳಿಸುತ್ತೀರೋ, ಗೆದ್ದವರನ್ನು ಮಾತ್ರ ವೇದಿಕೆ ಹತ್ತಿಸುತ್ತೀರೋ?

ಮೊದಲ ಪ್ರಯತ್ನ ಕೆಟ್ಟರೆ ಎರಡನೆಯದಕ್ಕೆ ಅವಕಾಶ, ಮಾರ್ಗದರ್ಶನ ಉಂಟೋ?

ಕೋರ್ಸು ಮುಗಿದ ಮೇಲೆ ಒಂದೆರಡು ವರ್ಷ ಕೇಳುವವರು ಇರುತ್ತಾರೋ?

ವಿದ್ಯಾರ್ಥಿ ಕೇಳುಗರಿಗೂ ಒಂದು ಮಾತು. ಪಾಠ ಕೇಳಿ ಉತ್ಸಾಹ ಬಂದರೆ ಆ ರಾತ್ರಿಯೇ ರಾಜೀನಾಮೆ ಬರೆಯಬೇಡಿ. ಉತ್ಸಾಹ ಇಳಿದರೆ ನಾಚಿಕೆಪಡಬೇಡಿ. ಯಾಕೆ ಇಳಿಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಹಣದ ಕೊರತೆಯೋ, ಕೌಶಲದ ಕೊರತೆಯೋ, ಬರೀ ಹೆದರಿಕೆಯೋ? ಮೊದಲ ಎರಡಕ್ಕೆ ಕಾಲ ಕಳೆದಂತೆ ಪರಿಹಾರ ಸಿಕ್ಕೀತು. ಮೂರನೆಯದಕ್ಕೆ ನಿಮಗಿಂತ ಎರಡು ಹೆಜ್ಜೆ ಮುಂದಿರುವ ಯಾರನ್ನಾದರೂ ಹುಡುಕಿ ಮಾತಾಡಿ. ಆಗಲೇ ಶಿಖರ ಏರಿದವರಿಗಿಂತ, ಪಕ್ಕದ ಮೆಟ್ಟಿಲಲ್ಲಿ ಇರುವವರು ಹೆಚ್ಚು ಕೆಲಸಕ್ಕೆ ಬರುತ್ತಾರೆ.

ಅಣ್ಣನಿಗೆ ಕೊಟ್ಟ ಉತ್ತರ

ಇಷ್ಟನ್ನೂ ಡೊಂಬಿವಿಲಿಯ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಕೊನೆಗೆ ಇನ್ನೊಂದು ಸಂಗತಿಯನ್ನೂ ತಿಳಿಸಿದೆ. ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳನ್ನು ಕುರಿತು ಹಲವು ದೇಶಗಳಲ್ಲಿ ಒಟ್ಟಿಗೆ ನಡೆಯುವ ಗೆಸ್ ಎಂಬ ಸಮೀಕ್ಷೆಯ 2023ರ ಭಾರತದ ವರದಿ ಅದು. ಓದು ಮುಗಿದ ಕೂಡಲೇ ಸ್ವಂತ ಉದ್ದಿಮೆ ಮಾಡುತ್ತೇವೆ ಎಂದವರು ನೂರಕ್ಕೆ ಸುಮಾರು 14 ಜನ. ಐದು ವರ್ಷ ಬಿಟ್ಟು ಮಾಡುತ್ತೇವೆ ಎಂದವರು 31 ಜನ. ಅಂದರೆ ಎರಡರಷ್ಟಕ್ಕೂ ಹೆಚ್ಚು. ನಮ್ಮ ಹುಡುಗರು ಆಸೆ ಬಿಟ್ಟವರಲ್ಲ. ಮೊದಲು ಸ್ವಲ್ಪ ಸಂಬಳ, ಸ್ವಲ್ಪ ಅನುಭವ, ಆಮೇಲೆ ಅದು ಎಂದು ಮುಂದಕ್ಕೆ ಹಾಕಿದವರು.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದಿನಿಂದ ದೋಸೆಕಲ್ಲಿನ ಚುಂಯ್ ಸದ್ದು ಕೇಳುತ್ತಿತ್ತು.

"ನಾನು ಮೊದಲ ಸಂಬಳದಲ್ಲೇ ಹೋಟೆಲು ಹಾಕಿದವ ಅಲ್ಲವಲ್ಲ ತಂಗೀ" ಎಂದರು. "ಇಪ್ಪತ್ತಮೂರು ವರ್ಷ ಇನ್ನೊಬ್ಬರ ಹೋಟೆಲಿನಲ್ಲಿ ದುಡಿದೆ. ಅವ ಐದು ವರ್ಷ ದುಡಿಯಲಿ ಬಿಡಿ. ಆದರೆ ಐದು ವರ್ಷ ಕಳೆದ ಮೇಲೆ ಇಲ್ಲಿಗೇ ಬರ್ತಾನೆ ಅಂತ ಗ್ಯಾರಂಟಿ ಉಂಟೋ?"

ಇಲ್ಲ ಎಂದೆ. ಯಾವ ಕೋರ್ಸೂ, ಯಾವ ಸಮೀಕ್ಷೆಯೂ ಆ ಗ್ಯಾರಂಟಿ ಕೊಡಲಾರದು. ಅದಕ್ಕವರು, "ಭಾನುವಾರ ಭಾನುವಾರ ಗಲ್ಲಾದಲ್ಲಿ ಕೂರು ಅಂತ ಹೇಳಿದ್ದೇನೆ. ಹೂಂ ಅಂದಿದ್ದಾನೆ. ಎಂತ ಆಗ್ತದೆ ನೋಡುವ" ಎಂದು ಫೋನಿಟ್ಟರು.

ನಿಮ್ಮ ಮನೆಯಲ್ಲೂ ಇಂಥ ಮಾತುಕತೆ ನಡೆದಿದ್ದರೆ ನಮಗೆ ಬರೆಯಿರಿ. ಕೋರ್ಸು ಮುಗಿಸಿ ವ್ಯಾಪಾರಕ್ಕೆ ಇಳಿದವರು, ಇಳಿದು ಹಿಂದೆ ಬಂದವರು, ಇಳಿಯದೇ ಉಳಿದವರು, ಎಲ್ಲರ ಪತ್ರಗಳಿಗೂ ಸ್ವಾಗತ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಕೇಳುತ್ತಿರಿ ಕನ್ನಡ, ಆಡುತ್ತಿರಿ ಕನ್ನಡ.